ಐದು ಲಕ್ಷ ಜನ ಬಂದರು, ಬಾರದವರ ಲೆಕ್ಕ ಯಾರು ಇಡುತ್ತಾರೆ?

ಪ್ರಶ್ನೆ: ಸರ್, ನಾನು ಮೈಸೂರಿನವಳು. ಈಗ ಇಂಗ್ಲೆಂಡಿನಲ್ಲಿ ಪಬ್ಲಿಕ್ ಹೆಲ್ತ್ ಎಂ.ಎಸ್ಸಿ. ಓದುತ್ತಿದ್ದೇನೆ. ಯುಕೆ ಬಯೋಬ್ಯಾಂಕ್, ಅಂದರೆ ತಾವಾಗಿ ಮುಂದೆ ಬಂದವರ ಆರೋಗ್ಯದ ಮಾಹಿತಿ ಕೂಡಿಟ್ಟಿರುವ ಬ್ರಿಟನ್ನಿನ ದೊಡ್ಡ ಅಧ್ಯಯನ, ಅದರ ಡೇಟಾ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಐದು ಲಕ್ಷ ಜನರ ಮಾಹಿತಿ ಇದೆ, ಇಷ್ಟು ದೊಡ್ಡ ಸ್ಯಾಂಪಲ್ ಇರುವಾಗ ಚಿಂತೆ ಯಾಕೆ ಅಂದುಕೊಂಡಿದ್ದೆ. ನನ್ನ ಗೈಡ್ ‘ವೇಯ್ಟ್ ಹಾಕಿ ನೋಡು’ ಅಂದರು, ಅಂದರೆ ಕಡಿಮೆ ಬಂದ ಗುಂಪಿನವರನ್ನು ಹೆಚ್ಚು ತೂಕ ಕೊಟ್ಟು ಎಣಿಸೋದು. ವಯಸ್ಸು, ಲಿಂಗ, ಓದು ಈ ಮೂರನ್ನು ಇಟ್ಟುಕೊಂಡು ಜನಗಣತಿಗೆ ಹೊಂದುವ ಹಾಗೆ ವೇಯ್ಟ್ ಹಾಕಿದೆ. ಸಿಗರೇಟ್ ಸೇದುವವರ ಪ್ರಮಾಣ ಮೇಲೆ ಹೋಯಿತು, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ) ಮೊದಲಿಗಿಂತ ಅಗಲವಾಯಿತು. ಈಗ ಯಾವುದನ್ನು ನಂಬಲಿ? ಒಳ್ಳೆಯದು ಮಾಡಲು ಹೋಗಿ ಡೇಟಾ ಕೆಡಿಸಿದೆನಾ?

ಉತ್ತರ: ಕೆಡಿಸಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂದರೆ ವೇಯ್ಟ್ ಹಾಕಿದ ಅಂದಾಜನ್ನೇ ನಂಬಿ. ಆದರೆ ಅದನ್ನೂ ಪೂರ್ತಿ ನಂಬಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಈ ಪ್ರಶ್ನೆ ನನಗೆ ಬೇರೆಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ, ಹೆಚ್ಚಿನವರು ಅರ್ಧ ಉತ್ತರ ತೆಗೆದುಕೊಂಡು ಹೋಗಿ ಆಮೇಲೆ ಕಷ್ಟಪಡುತ್ತಾರೆ.

ಮೊದಲು ನಿಮ್ಮ ಐದು ಲಕ್ಷ ಜನ ಯಾರು ಅಂತ ನೋಡೋಣ. 2006ರಿಂದ 2010ರವರೆಗೆ ಬ್ರಿಟನ್ನಿನಲ್ಲಿ 40ರಿಂದ 69 ವರ್ಷದ ಸುಮಾರು 92 ಲಕ್ಷ ಜನರಿಗೆ ಕರೆಯೋಲೆ ಹೋಯಿತು. ಹೆಸರು, ವಿಳಾಸ ಸಿಕ್ಕಿದ್ದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪಟ್ಟಿಯಿಂದ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿ 22 ಕೇಂದ್ರಗಳಿದ್ದವು. ಕೇಂದ್ರದಿಂದ 25 ಮೈಲಿಯೊಳಗೆ ಇರುವವರನ್ನು ಕರೆದರು. ಬಂದವರು ಐದು ಲಕ್ಷಕ್ಕೆ ಸ್ವಲ್ಪ ಜಾಸ್ತಿ. ಅಂದರೆ ನೂರಕ್ಕೆ ಐದೂವರೆ.

ಆ ದಿನ ಏನೇನು ಮಾಡಬೇಕಿತ್ತು ಅಂತ ಒಮ್ಮೆ ಯೋಚಿಸಿ. ಕೆಲಸಕ್ಕೆ ಬಿಡುವು ಮಾಡಿಕೊಂಡು ಕೇಂದ್ರಕ್ಕೆ ಹೋಗಬೇಕು. ಟಚ್‌ಸ್ಕ್ರೀನ್ ಮುಂದೆ ಕೂತು ಊಟ, ನಿದ್ದೆ, ಕುಡಿತ, ಕಾಯಿಲೆ ಎಲ್ಲದರ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ರಕ್ತ ಕೊಡಬೇಕು, ಮೂತ್ರ ಕೊಡಬೇಕು, ಕೈಹಿಡಿತದ ಬಲ ಪರೀಕ್ಷೆ ಮಾಡಿಸಿಕೊಳ್ಳಬೇಕು, ಕೊಳವೆಗೆ ಜೋರಾಗಿ ಊದಬೇಕು. ಇದರಿಂದ ನಿಮಗೆ ನೇರವಾಗಿ ಸಿಗುವ ಲಾಭ ಅಂತ ಏನೂ ದೊಡ್ಡದಿಲ್ಲ. ಮುಂದಿನ ಪೀಳಿಗೆಗೆ ಒಳ್ಳೆಯದಾಗಲಿ ಅಂತ ಬರುವವರು. ಅಂಥವರ ಬಗ್ಗೆ ನನಗೆ ತುಂಬಾ ಗೌರವ ಇದೆ, ಅವರಿಲ್ಲದೆ ನಮ್ಮ ಕೆಲಸವೇ ಇಲ್ಲ. ಆದರೆ ಅಂಥವರು ಊರಿನ ಎಲ್ಲರ ಹಾಗೆ ಇರುವುದಿಲ್ಲ.

ಎಷ್ಟು ಬೇರೆ ಅಂತ 2017ರಲ್ಲಿ ಫ್ರೈ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಲೆಕ್ಕ ಹಾಕಿ ತೋರಿಸಿದರು. 60 ದಾಟಿದವರಲ್ಲಿ ನೂರಕ್ಕೆ 9 ಜನ ಬಂದರು, 40ರಿಂದ 44ರ ವಯಸ್ಸಿನವರಲ್ಲಿ ಬರೀ 3. ಹೆಂಗಸರಲ್ಲಿ 6.4, ಗಂಡಸರಲ್ಲಿ 5.1. ಅನುಕೂಲಸ್ಥರ ಬಡಾವಣೆಗಳಿಂದ 8.3, ತೀರಾ ಬಡ ಬಡಾವಣೆಗಳಿಂದ 3.1. ಸಿಗರೇಟ್ ಸೇದುವವರು, ದಿನಾ ಕುಡಿಯುವವರು, ತೂಕ ಜಾಸ್ತಿ ಇರುವವರು ಕಡಿಮೆ ಬಂದಿದ್ದರು. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾವಿನ ಲೆಕ್ಕ. 70ರಿಂದ 74ರ ವಯಸ್ಸಿಗೆ ಬಂದಾಗ ಬಯೋಬ್ಯಾಂಕಿನ ಗಂಡಸರ ಸಾವಿನ ಪ್ರಮಾಣ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಶೇ 46.2ರಷ್ಟು ಕಡಿಮೆ, ಹೆಂಗಸರದ್ದು ಶೇ 55.5ರಷ್ಟು ಕಡಿಮೆ. ಹೆಚ್ಚುಕಡಿಮೆ ಅರ್ಧ! ಪತ್ರ ಬಂದಾಗ ಎದ್ದು ಹೊರಟವರಿಗೂ ಹೊರಡದವರಿಗೂ ನಡುವೆ ಇಷ್ಟು ಅಂತರ.

ಈಗ ವೇಯ್ಟ್ ಅಂದರೇನು ಅಂತ ಇದೇ ಅಂಕಿಗಳಿಂದ ನೋಡಿ. ಅನುಕೂಲಸ್ಥ ಬಡಾವಣೆಯಿಂದ ನೂರಕ್ಕೆ 8.3 ಜನ ಬಂದರೆ, ಬಂದ ಒಬ್ಬೊಬ್ಬರೂ ಸುಮಾರು 12 ಜನರ ಪರವಾಗಿ ನಿಂತ ಹಾಗೆ. ಬಡ ಬಡಾವಣೆಯಿಂದ 3.1 ಬಂದರೆ ಒಬ್ಬೊಬ್ಬರೂ ಸುಮಾರು 32 ಜನರ ಪರವಾಗಿ. ಇಬ್ಬರನ್ನೂ ಸಮವಾಗಿ ಎಣಿಸಿ ಸರಾಸರಿ ತೆಗೆದರೆ ಬಡ ಬಡಾವಣೆಯವರ ದನಿಯನ್ನು ಅನುಕೂಲಸ್ಥರ ದನಿಯ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಜಾಸ್ತಿ ಇರುವಷ್ಟಕ್ಕೆ ಇಳಿಸಿದ ಹಾಗಾಯಿತು. ಅದನ್ನು ಸರಿಪಡಿಸಲು ಒಬ್ಬರಿಗೆ 12, ಇನ್ನೊಬ್ಬರಿಗೆ 32 ಅಂತ ತೂಕ ಕೊಡುತ್ತೇವೆ. ಬರುವ ಸಾಧ್ಯತೆಯನ್ನು ತಲೆಕೆಳಗು ಮಾಡಿದರೆ ತೂಕ. ಇಷ್ಟೇ ವಿಷಯ. ನಿಮ್ಮ ಪಾಠದಲ್ಲಿ ಬರುವ ಲಾಜಿಸ್ಟಿಕ್ ರಿಗ್ರೆಷನ್, ರೇಕಿಂಗ್, ಲ್ಯಾಸೋ ಅನ್ನುವ ವಿಧಾನಗಳೆಲ್ಲವೂ ಈ ಸಾಧ್ಯತೆಯನ್ನು ಹೇಗೆ ಊಹಿಸೋದು ಅನ್ನೋದರ ಬೇರೆಬೇರೆ ದಾರಿಗಳು.

ನಿಮ್ಮ ಇಂಟರ್ವಲ್ ಯಾಕೆ ಅಗಲವಾಯಿತು ಅನ್ನೋದಕ್ಕೆ ಒಂದು ಚಿಕ್ಕ ಲೆಕ್ಕ ಮಾಡೋಣ. ಇದು ನಾನೇ ಮಾಡಿಕೊಂಡ ಉದಾಹರಣೆ, ಕಾಗದದ ಮೇಲೆ ನೀವೂ ಮಾಡಿ ನೋಡಿ. ಒಂದು ಊರಿನಲ್ಲಿ ಡಿಗ್ರಿ ಆದವರು ಶೇ 40, ಆಗದವರು ಶೇ 60. ಅಧ್ಯಯನಕ್ಕೆ 1000 ಜನ ಬಂದರು. ಅದರಲ್ಲಿ ಡಿಗ್ರಿ ಆದವರು 800, ಆಗದವರು 200. ಡಿಗ್ರಿಯವರಲ್ಲಿ ಶೇ 10 ಜನ ಸೇದುತ್ತಾರೆ, ಉಳಿದವರಲ್ಲಿ ಶೇ 30. ಸುಮ್ನೆ ಎಣಿಸಿದರೆ 80 ಮತ್ತು 60 ಸೇರಿ 140 ಜನ, ಶೇ 14. ಈಗ ತೂಕ ಹಾಕಿ. ಡಿಗ್ರಿ ಆಗದವರಿಗೆ 60 ಭಾಗಿಸು 20, ಅಂದರೆ 3. ಆದವರಿಗೆ 40 ಭಾಗಿಸು 80, ಅಂದರೆ ಅರ್ಧ. ಉತ್ತರ ಶೇ 22 ಬರುತ್ತದೆ. ಒಂದೇ ಡೇಟಾ, 14 ಹೋಗಿ 22 ಆಯಿತು.

ಆದರೆ ಈಗ ನಿಮ್ಮ ಉತ್ತರದ ಭಾರವೆಲ್ಲ ಆ 200 ಜನರ ಮೇಲೆ ಕೂತಿದೆ. ಅವರಲ್ಲಿ ಹತ್ತು ಜನ ಆಕಸ್ಮಿಕವಾಗಿ ಆಕಡೆ ಈಕಡೆ ಆದರೂ ಒಟ್ಟು ಅಂದಾಜು ವೇಯ್ಟ್ ಇಲ್ಲದಾಗ ಅಲ್ಲಾಡುತ್ತಿದ್ದುದರ ಮೂರು ಪಟ್ಟು ಅಲ್ಲಾಡುತ್ತದೆ. ಇದನ್ನು ಅಳೆಯಲು ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಅವರ ಸೂತ್ರ ಇದೆ: ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಇಲ್ಲಿ ತೂಕಗಳ ಮೊತ್ತ 1000, ಅದರ ವರ್ಗ ಹತ್ತು ಲಕ್ಷ. ವರ್ಗಗಳ ಮೊತ್ತ 1800 ಮತ್ತು 200 ಸೇರಿ 2000. ಭಾಗಿಸಿದರೆ 500. ಅಂದರೆ ನಿಮ್ಮ ಹತ್ತಿರ 1000 ಜನರ ಸಾಲುಗಳಿದ್ದರೂ ಅವು ಕೊಡುವ ಮಾಹಿತಿ ಸರಿಯಾಗಿ ಆರಿಸಿದ 500 ಜನರಷ್ಟು. ನಿಮ್ಮ ಇಂಟರ್ವಲ್ ಅಗಲವಾಗಿದ್ದು ಇದಕ್ಕೇ. ಅದು ನಷ್ಟ ಅಂತ ಅನ್ನಿಸಬಹುದು. ನನ್ನ ಪ್ರಕಾರ ಅಲ್ಲ. ಮೊದಲು ಇದ್ದ ಕಿರಿದಾದ ಇಂಟರ್ವಲ್ ಒಂದು ಸುಳ್ಳು ಧೈರ್ಯ, ಅದು ತಪ್ಪು ಜಾಗದ ಸುತ್ತ ಬಿಗಿಯಾಗಿ ಸುತ್ತಿಕೊಂಡಿತ್ತು.

ದೊಡ್ಡ ಸ್ಯಾಂಪಲ್ ಇದ್ದರೆ ಸಾಕು ಅನ್ನೋ ನಿಮ್ಮ ಮೊದಲ ಅನಿಸಿಕೆಗೆ ಬರುತ್ತೇನೆ, ಇದು ತುಂಬಾ ಜನರನ್ನು ಹಾಳು ಮಾಡಿದೆ. 2021ರಲ್ಲಿ ಅಮೆರಿಕದಲ್ಲಿ ಕೋವಿಡ್ ಲಸಿಕೆ ಎಷ್ಟು ಜನ ತೆಗೆದುಕೊಂಡರು ಅಂತ ತಿಳಿಯಲು ಫೇಸ್‌ಬುಕ್ ಬಳಕೆದಾರರ ನಡುವೆ ಡೆಲ್ಫಿ ಅನ್ನುವ ಸಂಶೋಧಕರ ತಂಡ ಒಂದು ಸಮೀಕ್ಷೆ ಮಾಡುತ್ತಿತ್ತು. ವಾರಕ್ಕೆ ಸುಮಾರು ಎರಡೂವರೆ ಲಕ್ಷ ಜನ ಉತ್ತರ ಕೊಡುತ್ತಿದ್ದರು. ಅಷ್ಟು ಜನ ಇದ್ದರೆ ಪಠ್ಯಪುಸ್ತಕದ ಲೆಕ್ಕದಲ್ಲಿ ತಪ್ಪಿನ ಅಂತರ ಶೇ 0.2ರಷ್ಟು ಮಾತ್ರ. ಆದರೆ ಆ ವರ್ಷದ ಮೇ ತಿಂಗಳ ಹೊತ್ತಿಗೆ ಅವರ ಅಂದಾಜು ನಿಜವಾದ ಅಂಕಿಗಿಂತ 17 ಪಾಯಿಂಟ್ ಮೇಲಿತ್ತು. ಅದೇ ಹೊತ್ತಿನಲ್ಲಿ ಸುದ್ದಿಸಂಸ್ಥೆ ಆಕ್ಸಿಯೋಸ್ ಮತ್ತು ಸಮೀಕ್ಷೆ ಕಂಪನಿ ಇಪ್ಸಾಸ್ ಬರೀ ಸಾವಿರ ಜನರನ್ನು ಎಚ್ಚರಿಕೆಯಿಂದ ಆರಿಸಿ ಕೇಳಿದ ಸಮೀಕ್ಷೆ ಹೆಚ್ಚುಕಡಿಮೆ ಸರಿ ಹೇಳುತ್ತಿತ್ತು. ಬ್ರ್ಯಾಡ್ಲಿ, ಶಾವ್-ಲಿ ಮೆಂಗ್ ಮತ್ತು ಜೊತೆಗಾರರು ಇದನ್ನು ಬಿಡಿಸಿ ನೋಡಿದಾಗ, ಆ ಎರಡೂವರೆ ಲಕ್ಷ ಉತ್ತರಗಳ ಬೆಲೆ ಸರಿಯಾಗಿ ಚೀಟಿ ಎತ್ತಿ ಆರಿಸಿದ ಸುಮಾರು 10 ಜನರ ಉತ್ತರದಷ್ಟು ಅಂತ ಬಂತು. ಹತ್ತು ಜನ!

ಇದರಲ್ಲಿ ನಿಮಗೆ ಬೇಕಾದ ಒಂದು ಅಂಶ ಇದೆ. ಫೇಸ್‌ಬುಕ್ ಸಮೀಕ್ಷೆಗೂ ವೇಯ್ಟ್ ಹಾಕಿದ್ದರು. ವಯಸ್ಸಿಗೆ, ಲಿಂಗಕ್ಕೆ ಹೊಂದಿಸಿದ್ದರು, ಓದಿಗೆ ಹೊಂದಿಸಿರಲಿಲ್ಲ. ಓದು ಸೇರಿಸಿದ್ದರೆ ಎಲ್ಲ ಸರಿಹೋಗುತ್ತಿತ್ತಾ ಅಂದರೆ ಅದೂ ಇಲ್ಲ. ಅಮೆರಿಕದ ಜನಗಣತಿ ಇಲಾಖೆಯೇ ನಡೆಸಿದ ಇನ್ನೊಂದು ಸಮೀಕ್ಷೆಯಲ್ಲಿ ಓದನ್ನೂ ಹೊಂದಿಸಿದ್ದರು, ಆದರೂ 14 ಪಾಯಿಂಟ್ ಜಾಸ್ತಿ ಬಂದಿತ್ತು. ವೇಯ್ಟ್ ಹಾಕಿದೆ ಅನ್ನೋದೊಂದೇ ಸಾಲದು. ಜನ ಬರುವುದನ್ನೂ ಬಾರದಿರುವುದನ್ನೂ ಯಾವುದು ನಿರ್ಧರಿಸಿತೋ ಅದೇ ನಿಮ್ಮ ವೇಯ್ಟಿನೊಳಗೆ ಇರಬೇಕು.

ನಾನು ಇದನ್ನು ಕಲಿತದ್ದು ಒಂದು ಪಾರ್ಕಿನ ಗೇಟಿನ ಹತ್ತಿರ. ತುಂಬಾ ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಸಂಸ್ಥೆಯವರು ಬೆಳಗ್ಗೆ ಶುಗರ್, ಬಿಪಿ ಕ್ಯಾಂಪ್ ಹಾಕುತ್ತಿದ್ದರು, ಡೇಟಾ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಬಂದವರಲ್ಲಿ ವಾಕಿಂಗ್ ಬರುವ ನಿವೃತ್ತರೇ ಜಾಸ್ತಿ. ಓದಿಲ್ಲದ ಹೆಂಗಸರು ತೀರಾ ಕಡಿಮೆ, ಅವರಿಗೆ ವೇಯ್ಟ್ ಜಾಸ್ತಿ ಕೊಟ್ಟರಾಯಿತು ಅಂತ ನಾನು ಕೂತಲ್ಲೇ ಲೆಕ್ಕ ಮಾಡಿದ್ದೆ. ಒಂದು ದಿನ ಗೇಟಿನ ಹೊರಗೆ ಹೂ ಮಾರುತ್ತಿದ್ದ ಅಮ್ಮನನ್ನು ‘ಬನ್ನಿ ಅಮ್ಮ, ದುಡ್ಡೇನಿಲ್ಲ, ಎರಡು ನಿಮಿಷ’ ಅಂತ ಕರೆದೆ. ಅವರು ಕೈಯಲ್ಲಿದ್ದ ದಾರ ಬಿಡದೆ, ‘ಈಗ ಎದ್ದು ಬಂದ್ರೆ ಇಲ್ಲಿ ಮೊಳ ಅಳೆದು ಕೊಡೋರು ಯಾರಪ್ಪ’ ಅಂದರು. ನಿಜ, ಕ್ಯಾಂಪ್ ನಡೆಯುವ ಆ ಮೂರು ಗಂಟೆಯೇ ಅವರ ವ್ಯಾಪಾರದ ಹೊತ್ತು.

ಆಮೇಲೆ ರಿಜಿಸ್ಟರ್ ತೆಗೆದು, ಬಂದಿದ್ದ ಓದಿಲ್ಲದ ಹೆಂಗಸರು ಯಾರು ಅಂತ ಕ್ಯಾಂಪಿನ ಹುಡುಗಿಯರನ್ನು ಕೇಳಿದೆ. ಹೆಚ್ಚಿನವರು ವಾಕಿಂಗ್ ಬರುವವರ ಮನೆಯಲ್ಲಿ ಕೆಲಸ ಮಾಡುವವರು. ಯಜಮಾನರೇ ‘ಹೋಗಿ ಚೆಕ್ ಮಾಡಿಸಿಕೊಂಡು ಬಾ’ ಅಂತ ಕಳಿಸಿದ್ದರು. ಈಗ ನನ್ನ ವೇಯ್ಟ್ ಏನು ಮಾಡುತ್ತಿತ್ತು ನೋಡಿ. ಹೂ ಮಾರುವ ಅಮ್ಮನ ಜಾಗದಲ್ಲಿ, ಚೆಕಪ್ ಮಾಡಿಸು ಅಂತ ಹೇಳುವವರು ಇರುವ ಒಬ್ಬ ಹೆಂಗಸನ್ನು ನಿಲ್ಲಿಸಿ, ಅವರನ್ನೇ ಹತ್ತು ಸಲ ಎಣಿಸುತ್ತಿತ್ತು. ವಯಸ್ಸು ಒಂದೇ, ಲಿಂಗ ಒಂದೇ, ಓದು ಒಂದೇ. ಆದರೂ ಇಬ್ಬರೂ ಬೇರೆ.

ನಮ್ಮ ಶೇ 22ರ ಲೆಕ್ಕಕ್ಕೆ ಇದನ್ನು ಹಚ್ಚಿ. ಬಂದಿದ್ದ 200 ಜನರಲ್ಲಿ ಸೇದುವವರು ಶೇ 30 ಇದ್ದರು. ಆದರೆ ಡಿಗ್ರಿ ಆಗದೆ, ಅಧ್ಯಯನಕ್ಕೂ ಬಾರದೆ ಉಳಿದವರನ್ನೂ ಸೇರಿಸಿದರೆ ಆ ಗುಂಪಿನ ನಿಜವಾದ ಪ್ರಮಾಣ ಶೇ 40 ಅಂತ ಇಟ್ಟುಕೊಳ್ಳಿ. ಆಗ ಊರಿನ ನಿಜವಾದ ಉತ್ತರ ಶೇ 28. ಸುಮ್ನೆ ಎಣಿಸಿದರೆ 14, ವೇಯ್ಟ್ ಹಾಕಿದರೆ 22, ನಿಜ 28. ವೇಯ್ಟ್ ನಿಮ್ಮನ್ನು ಸರಿಯಾದ ದಿಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಕರೆದುಕೊಂಡು ಹೋಯಿತು, ಮನೆ ಮುಟ್ಟಿಸಲಿಲ್ಲ. ‘ವೇಯ್ಟ್ ಹಾಕಿದ್ದನ್ನು ನಂಬಿ, ಪೂರ್ತಿ ನಂಬಬೇಡಿ’ ಅಂತ ನಾನು ಶುರುವಿನಲ್ಲಿ ಅಂದಿದ್ದು ಇದಕ್ಕೆ.

ಒಮ್ಮೊಮ್ಮೆ ವೇಯ್ಟ್ ತಪ್ಪು ದಿಕ್ಕಿಗೂ ಒಯ್ಯುತ್ತದೆ. ಇದನ್ನು ಯಾರೂ ಬೇಗ ಹೇಳಿಕೊಡುವುದಿಲ್ಲ. ಬಯೋಬ್ಯಾಂಕಿಗೆ ವಯಸ್ಸಾದವರು ಜಾಸ್ತಿ ಬಂದಿದ್ದಾರೆ ಅಂದೆನಲ್ಲ. ವಯಸ್ಸಾದವರಲ್ಲಿ ಕಾಯಿಲೆ ಜಾಸ್ತಿ. ಹಾಗೆಯೇ ಬಂದವರು ಒಟ್ಟಾರೆ ಆರೋಗ್ಯವಂತರು, ಅವರಲ್ಲಿ ಕಾಯಿಲೆ ಕಡಿಮೆ. ಒಂದು ತಪ್ಪು ಮೇಲಕ್ಕೆ ಎಳೆಯುತ್ತಿದೆ, ಇನ್ನೊಂದು ಕೆಳಕ್ಕೆ. ನೀವು ವಯಸ್ಸಿಗೆ ಮಾತ್ರ ವೇಯ್ಟ್ ಹಾಕಿದರೆ ಮೇಲಕ್ಕೆ ಎಳೆಯುವ ತಪ್ಪನ್ನು ತೆಗೆದು, ಕೆಳಕ್ಕೆ ಎಳೆಯುವುದನ್ನು ಹಾಗೇ ಬಿಟ್ಟಿರಿ. ಸಕ್ಕರೆ ಕಾಯಿಲೆಯೋ ಹೃದಯದ ಕಾಯಿಲೆಯೋ ಎಷ್ಟು ಅನ್ನುವ ಅಂದಾಜು ಮೊದಲಿಗಿಂತ ದೂರ ಹೋಗಬಹುದು. ಹಾಗಾಗಿ ‘ಕನಿಷ್ಠ ವಯಸ್ಸು, ಲಿಂಗ ಹಾಕಿದರೆ ಇಲ್ಲದ್ದಕ್ಕಿಂತ ವಾಸಿ’ ಅನ್ನೋ ಮಾತು ಯಾವಾಗಲೂ ನಿಜವಲ್ಲ. ನೀವು ಓದನ್ನೂ ಸೇರಿಸಿದ್ದು ಒಳ್ಳೆಯದಾಯಿತು.

ಇಲ್ಲಿಯವರೆಗೆ ಹೇಳಿದ್ದು ‘ಎಷ್ಟು ಜನ’ ಅನ್ನುವ ಪ್ರಶ್ನೆಗೆ. ನಿಮ್ಮ ಪ್ರಾಜೆಕ್ಟಿನಲ್ಲಿ ‘ಇದಕ್ಕೂ ಅದಕ್ಕೂ ಸಂಬಂಧ ಇದೆಯಾ’ ಅನ್ನುವ ಪ್ರಶ್ನೆಯೂ ಇದ್ದೇ ಇರುತ್ತದೆ. ಅಲ್ಲಿ ಜಗಳ ಜಾಸ್ತಿ. ‘ಸರಾಸರಿ ತಪ್ಪಾಗಬಹುದು, ಆದರೆ ಸಂಬಂಧಗಳು ತಪ್ಪಾಗುವುದಿಲ್ಲ’ ಅಂತ ಒಂದು ಪಕ್ಷ. ಅವರ ಹತ್ತಿರ ಸಾಕ್ಷಿಯೂ ಇದೆ. 2020ರಲ್ಲಿ ಬ್ಯಾಟಿ ಮತ್ತು ಜೊತೆಗಾರರು ಬಯೋಬ್ಯಾಂಕನ್ನು ಇಂಗ್ಲೆಂಡ್, ಸ್ಕಾಟ್ಲೆಂಡಿನ ಸಾಮಾನ್ಯ ಜನರ 18 ಅಧ್ಯಯನಗಳ ಜೊತೆ ಇಟ್ಟು ನೋಡಿದರು. ಸಿಗರೇಟು, ಬಿಪಿ ಇಂಥವುಗಳಿಗೂ ಹೃದಯದ ಕಾಯಿಲೆಯ ಸಾವಿಗೂ ಇರುವ ಸಂಬಂಧ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಬಂತು. ಸಿಗರೇಟಿನಂಥ ಜೋರಾದ ಕಾರಣ ಇದ್ದಾಗ ಅದು ಎಲ್ಲಿ ನೋಡಿದರೂ ಕಾಣುತ್ತದೆ, ಒಪ್ಪುತ್ತೇನೆ.

ಆದರೆ ಎಲ್ಲ ಸಂಬಂಧಗಳೂ ಅಷ್ಟು ಗಟ್ಟಿಯಲ್ಲ. 2024ರಲ್ಲಿ ವಾನ್ ಆಲ್ಟೆನ್ ಮತ್ತು ಜೊತೆಗಾರರು ಬಯೋಬ್ಯಾಂಕನ್ನು ಬ್ರಿಟನ್ನಿನ ಜನಗಣತಿಯ ಬಿಡಿಬಿಡಿ ಮಾಹಿತಿಯ ಜೊತೆ ಹೋಲಿಸಿದರು. ಕೆಲವು ಸಂಬಂಧಗಳು ಉಲ್ಟಾ ಆಗಿದ್ದವು. ಬಯೋಬ್ಯಾಂಕಿನಲ್ಲಿ ವಯಸ್ಸಾದಷ್ಟೂ ಜನ ‘ನನ್ನ ಆರೋಗ್ಯ ಚೆನ್ನಾಗಿದೆ’ ಅಂತ ಜಾಸ್ತಿ ಹೇಳುತ್ತಿದ್ದರು. ಜನಗಣತಿಯಲ್ಲಿ ಅದರ ವಿರುದ್ಧ, ನಾವೆಲ್ಲ ಕಣ್ಣಾರೆ ನೋಡುವ ಹಾಗೆ. ಯಾಕಿರಬಹುದು? ನನಗೆ ಅರ್ಥವಾಗುವ ರೀತಿ ಇದು: 67 ವರ್ಷದವರು ಬಸ್ಸು ಹತ್ತಿ ಅಷ್ಟು ದೂರ ಬಂದಿದ್ದಾರೆ ಅಂದರೆ ಅವರ ಮೊಣಕಾಲು, ಉಸಿರು, ಕಣ್ಣು ಸರಿ ಇರಬೇಕು. 42 ವರ್ಷದವರಿಗೆ ಆ ಅಡ್ಡಿ ಇಲ್ಲ, ಅವರಿಗೆ ಪುರುಸೊತ್ತು ಇಲ್ಲ ಅಷ್ಟೇ. ಅಧ್ಯಯನದ ಬಾಗಿಲು ಈ ಎರಡು ವಯಸ್ಸಿನವರನ್ನು ಬೇರೆಬೇರೆ ಕಾರಣಕ್ಕೆ ಸೋಸಿತು. ನೀವು ನೋಡುವ ಎರಡೂ ವಿಷಯಗಳು ಬಾಗಿಲು ದಾಟುವುದಕ್ಕೆ ಸಂಬಂಧಪಟ್ಟಿದ್ದರೆ, ಬಾಗಿಲೊಳಗೆ ಅವುಗಳ ನಡುವೆ ಇಲ್ಲದ ಸಂಬಂಧ ಹುಟ್ಟುತ್ತದೆ, ಇದ್ದದ್ದು ಮಾಯವಾಗುತ್ತದೆ. ಕೊಲೈಡರ್ ಬಯಾಸ್ ಅಂತ ಪಾಠದಲ್ಲಿ ಓದಿರುತ್ತೀರಲ್ಲ, ಅದೇ ಇದು.

ವಾನ್ ಆಲ್ಟೆನ್ ತಂಡ ಜನಗಣತಿಯಿಂದ ಕಟ್ಟಿದ ವೇಯ್ಟ್‌ಗಳು ಈ ವಾಲಿಕೆಯನ್ನು, ಅಂದರೆ ಒಂದೇ ಕಡೆಗೆ ಎಳೆಯುವ ತಪ್ಪನ್ನು, ಸರಾಸರಿ ಶೇ 87ರಷ್ಟು ತೆಗೆದುಹಾಕಿದವು. ಚೆನ್ನಾಗಿ ಕಟ್ಟಿದ ವೇಯ್ಟ್ ಎಷ್ಟು ಕೆಲಸ ಮಾಡಬಹುದು ಅನ್ನೋದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ಇದು. ಆದರೆ ಜನಗಣತಿಯಲ್ಲೂ ಬಯೋಬ್ಯಾಂಕಿನಲ್ಲೂ ಇರುವ ವಿಷಯಗಳಲ್ಲಿ ಮಾತ್ರ ಹೀಗೆ ಪರೀಕ್ಷೆ ಮಾಡಲು ಸಾಧ್ಯ ಅನ್ನೋದು ನೆನಪಿರಲಿ. ಜನಗಣತಿಯವರು ಯಾರ ಕೊಲೆಸ್ಟ್ರಾಲನ್ನೂ ಅಳೆಯಲಿಲ್ಲ.

ಬಾಗಿಲು ಸೋಸುತ್ತದೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಜೀನ್‌ಗಳಿಂದ ಬಂದಿದ್ದು. ನಮ್ಮ 23 ಜೊತೆ ಕ್ರೋಮೋಸೋಮ್‌ಗಳಲ್ಲಿ ಒಂದು ಜೊತೆ ಗಂಡು ಹೆಣ್ಣು ನಿರ್ಧರಿಸುತ್ತದೆ. ಉಳಿದ 22 ಜೊತೆ ಮಗನಿಗೂ ಮಗಳಿಗೂ ಒಂದೇ ರೀತಿ ಹಂಚಿಕೆಯಾಗುತ್ತವೆ. ಹಾಗಿದ್ದ ಮೇಲೆ ಆ 22ರಲ್ಲಿರುವ ಯಾವುದೋ ಜೀನ್ ರೂಪ ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ಕಡಿಮೆ ಇರಲು ಕಾರಣವೇ ಇಲ್ಲ. ಆದರೆ 2021ರಲ್ಲಿ ಪಿರಾಸ್ಟು ಮತ್ತು ಜೊತೆಗಾರರು ಜೀನ್ ಪರೀಕ್ಷೆ ಮಾಡುವ ಅಮೆರಿಕದ 23ಆಂಡ್‌ಮಿ ಕಂಪನಿಯ 24 ಲಕ್ಷಕ್ಕೂ ಹೆಚ್ಚು ಗ್ರಾಹಕರ ಡೇಟಾ ನೋಡಿದಾಗ ಅಂಥ 158 ಜಾಗಗಳು ಸಿಕ್ಕವು. ಮೈತೂಕಕ್ಕೆ ಸಂಬಂಧಪಟ್ಟ ಎಫ್‌ಟಿಒ ಜೀನ್ ಅದರಲ್ಲಿ ಒಂದು. ತೂಕ ಜಾಸ್ತಿ ಮಾಡುವ ರೂಪ ಗಂಡಸರಲ್ಲಿ ಹೆಚ್ಚಾಗಿ ಕಂಡಿತು. ಹುಟ್ಟಿನಲ್ಲಿ ಇಲ್ಲದ ವ್ಯತ್ಯಾಸ ಎಲ್ಲಿಂದ ಬಂತು? ಬಾಗಿಲಿನಿಂದ. ದಪ್ಪಗಿರುವ ಹೆಂಗಸರು ಮತ್ತು ದಪ್ಪಗಿರುವ ಗಂಡಸರು ಭಾಗವಹಿಸುವ ರೀತಿಯೇ ಬೇರೆ ಇದೆ, ಅದು ಜೀನ್‌ಗಳಲ್ಲೂ ಗುರುತು ಬಿಟ್ಟಿದೆ. ಬಯೋಬ್ಯಾಂಕಿನಲ್ಲೂ ಇದರ ಸುಳಿವು ಸಿಕ್ಕಿತು. ಜನ ತಾವಾಗಿ ಮುಂದೆ ಬರಬೇಕಾದ ಅಗತ್ಯ ಕಡಿಮೆ ಇದ್ದ ಕಡೆ, ಉದಾಹರಣೆಗೆ ಫಿನ್‌ಲೆಂಡಿನ ಫಿನ್‌ಜೆನ್ ಅನ್ನುವ ಜೀನ್ ಅಧ್ಯಯನದಲ್ಲಿ, ಸಿಗಲಿಲ್ಲ. ಬಾಗಿಲು ಸೋಸುತ್ತದೆ ಅನ್ನೋದರಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ.

ಈಗ ಕೈಕೆಲಸಕ್ಕೆ ಬರೋಣ. ನೀವು ಭಾರತದ ಎನ್‌ಎಫ್‌ಎಚ್‌ಎಸ್ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಡೇಟಾ ಬಳಸಿದ್ದರೆ ಅಲ್ಲಿ ವಿ005 ಅನ್ನುವ ಕಾಲಮ್ಮು ರೆಡಿಯಾಗಿ ಇರುತ್ತದೆ, ಹತ್ತು ಲಕ್ಷದಿಂದ ಭಾಗಿಸಿ ಹಾಕಿದರೆ ಮುಗಿಯಿತು. ಯಾಕೆ ಅಷ್ಟು ಸುಲಭ? 2019-21ರ ಐದನೇ ಸುತ್ತಿನಲ್ಲಿ ಅವರು 6,36,699 ಮನೆಗಳಿಗೆ ಹೋದರು, ಯಾವ ಮನೆಗೆ ಹೋಗಬೇಕು ಅಂತ ಅವರೇ ಆರಿಸಿದರು. ಆರಿಸಿದ ಸಾಧ್ಯತೆ ಅವರ ಕಡತದಲ್ಲೇ ಇದೆ, ಸಿಗದ ಮನೆಗಳಿಗೆ ಸ್ವಲ್ಪ ತಿದ್ದುಪಡಿ ಮಾಡಿದರೆ ಸಾಕು. ಬಯೋಬ್ಯಾಂಕಿನಲ್ಲಿ ಆರಿಸಿದ್ದು ಸಂಶೋಧಕರಲ್ಲ, ಬಂದವರೇ. ಆ ಸಾಧ್ಯತೆ ಎಲ್ಲೂ ಬರೆದಿಲ್ಲ, ನಾವು ಊಹಿಸಬೇಕು. ಎರಡಕ್ಕೂ ವೇಯ್ಟ್ ಅಂತಲೇ ಹೆಸರು ಇರುವುದರಿಂದ ಹುಡುಗರು ಗೊಂದಲ ಮಾಡಿಕೊಳ್ಳುತ್ತಾರೆ.

ಊಹಿಸಲು ಸಾಮಾನ್ಯ ದಾರಿ ಹೀಗೆ. ಸಾಮಾನ್ಯ ಜನರನ್ನು ಸರಿಯಾಗಿ ತೋರಿಸುವ ಇನ್ನೊಂದು ಡೇಟಾ ತನ್ನಿ, ಜನಗಣತಿಯ ಮೈಕ್ರೋಡೇಟಾ (ಒಬ್ಬೊಬ್ಬರ ಬಿಡಿ ಮಾಹಿತಿ) ಅಥವಾ ಹೆಲ್ತ್ ಸರ್ವೇ ಫಾರ್ ಇಂಗ್ಲೆಂಡ್. ಎರಡನ್ನೂ ಒಂದರ ಕೆಳಗೆ ಒಂದು ಜೋಡಿಸಿ. ಬಯೋಬ್ಯಾಂಕಿನವರಿಗೆ 1, ಇನ್ನೊಂದರವರಿಗೆ 0. ಯಾರು 1 ಆಗುತ್ತಾರೆ ಅನ್ನುವ ಮಾಡೆಲ್ ಹಾಕಿ. ಅದರಿಂದ ಬಂದ ಆಡ್ಸನ್ನು (1 ಆಗುವ ಸಾಧ್ಯತೆಯನ್ನು 0 ಆಗುವ ಸಾಧ್ಯತೆಯಿಂದ ಭಾಗಿಸಿದ್ದು) ತಲೆಕೆಳಗು ಮಾಡಿದರೆ ವೇಯ್ಟ್. ಸರ್ವೇ ಡೇಟಾಕ್ಕೆ ಅದರದ್ದೇ ವೇಯ್ಟ್ ಇರುತ್ತದೆ, ಅದನ್ನು ಮರೆಯದೆ ಹಾಕಿ. ಷೋಲರ್ ಮತ್ತು ಜೊತೆಗಾರರು 2023ರಲ್ಲಿ ಹೆಲ್ತ್ ಸರ್ವೇ ಇಟ್ಟುಕೊಂಡೇ ಬಯೋಬ್ಯಾಂಕಿಗೆ ವೇಯ್ಟ್ ಕಟ್ಟಿದ್ದರು. ಅದರ ಲಾಭ ಏನೆಂದರೆ ಅಲ್ಲಿ ಸಿಗರೇಟು, ಕುಡಿತ, ಮೈತೂಕ ಎಲ್ಲ ಇದೆ. ಜನಗಣತಿಯಲ್ಲಿ ಜನ ಜಾಸ್ತಿ, ವಿಷಯ ಕಡಿಮೆ. ಒಂದು ಎಚ್ಚರಿಕೆ: ನೀವು ಸಿಗರೇಟಿನ ಪ್ರಮಾಣವನ್ನೇ ಅಂದಾಜು ಮಾಡುತ್ತಿದ್ದೀರಿ. ಅದನ್ನೇ ವೇಯ್ಟಿಗೂ ಹಾಕಿದರೆ ಉತ್ತರ ಸರ್ವೇಯಿಂದ ನಕಲು ಮಾಡಿದ ಹಾಗಾಗುತ್ತದೆ.

ಕಾಲಮ್ಮುಗಳ ಅರ್ಥ ಎರಡೂ ಕಡೆ ಒಂದೇ ಇದೆಯಾ ಅಂತ ನೋಡಲು ಒಂದು ವಾರ ಬೇಕಾದರೂ ಇಟ್ಟುಕೊಳ್ಳಿ. ‘ಓದು’ ಅನ್ನೋದು ಒಂದು ಕಡೆ ಡಿಗ್ರಿ, ಎ ಲೆವೆಲ್ (ನಮ್ಮ ಪಿಯುಸಿಯಂಥದ್ದು) ಅಂತ ಇರುತ್ತದೆ, ಇನ್ನೊಂದು ಕಡೆ ಮಟ್ಟ 1, 2, 3 ಅಂತ. ನಮ್ಮವರ ಹಾಗೆ ಬೇರೆ ದೇಶದಲ್ಲಿ ಓದಿ ಬಂದವರು ಇದರಲ್ಲಿ ಎಲ್ಲಿ ಕೂರುತ್ತಾರೆ ಅನ್ನೋದನ್ನು ಬೇರೆಯಾಗಿ ನೋಡಿ. ನಾನು ಒಮ್ಮೆ ‘ಮೇಲಿನ ಯಾವುದೂ ಅಲ್ಲ’ ಅಂತ ಉತ್ತರಿಸಿದವರನ್ನು ‘ಓದಿಲ್ಲ’ ಅನ್ನುವ ಗುಂಪಿಗೆ ಸೇರಿಸಿಬಿಟ್ಟಿದ್ದೆ. ಅವರಿಗೆ ದೊಡ್ಡ ತೂಕ ಹೋಯಿತು, ಅಂದಾಜು ಎಲ್ಲೋ ಹೋಯಿತು. ಎರಡು ತಿಂಗಳು ಹುಡುಕಿದ ಮೇಲೆ ಸಿಕ್ಕಿತು.

ತೂಕಗಳ ಹಂಚಿಕೆಯನ್ನು ಚಿತ್ರ ಮಾಡಿ ನೋಡಿ. ಯಾರಿಗಾದರೂ ಸರಾಸರಿಯ ಐವತ್ತು ಪಟ್ಟು ತೂಕ ಬಂದಿದ್ದರೆ ಆ ಸಾಲನ್ನು ತೆರೆದು, ಅವರು ಎಂಥವರು ಅಂತ ಓದಿ. ಎಷ್ಟೋ ಸಲ ಅದು ಕೋಡಿಂಗ್ ತಪ್ಪಾಗಿರುತ್ತದೆ. ತಪ್ಪಿಲ್ಲದಿದ್ದರೆ ಮೇಲಿನ ಶೇ 1ರಷ್ಟು ತೂಕಗಳನ್ನು ಕತ್ತರಿಸಿ ಒಂದು ಮಿತಿಗೆ ತರಬಹುದು. ವಾಲಿಕೆ ಸ್ವಲ್ಪ ವಾಪಸ್ ಬರುತ್ತದೆ, ಅಲುಗಾಟ ಕಡಿಮೆಯಾಗುತ್ತದೆ. ಎಷ್ಟು ಕತ್ತರಿಸಿದಿರಿ ಅಂತ ಬರೆದಿಡಿ. ಆದರೆ ಒಂದು ಬಗೆಯ ಜನ ಒಬ್ಬರೂ ಬಂದಿಲ್ಲ ಅಂದರೆ ಯಾವ ತೂಕವೂ ಸಹಾಯ ಮಾಡುವುದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ, ಅಲ್ವಾ? ಅಂಥ ಗುಂಪಿನ ಬಗ್ಗೆ ಏನೂ ಹೇಳದೆ ಬಿಡೋದೇ ಸರಿ.

ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಅಂದಾಜು ಎಷ್ಟು ಅಲುಗಾಡಬಹುದು ಅನ್ನುವ ಅಳತೆಗೆ, ಆರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಥಾಮಸ್ ಲಮ್ಲಿ ಅವರ ‘ಸರ್ವೇ’ ಪ್ಯಾಕೇಜ್ ಬಳಸಿ, ರೇಕಿಂಗ್ (ತೂಕಗಳನ್ನು ಜನಗಣತಿಯ ಮೊತ್ತಗಳಿಗೆ ಹೊಂದಿಸೋದು) ಕೂಡ ಅದರಲ್ಲೇ ಆಗುತ್ತದೆ. ಮಾಮೂಲಿ ರಿಗ್ರೆಷನ್‌ಗೆ ವೇಯ್ಟ್ ಕೊಟ್ಟು ಬಂದ ಎರರ್ ತಪ್ಪು ಇರುತ್ತದೆ. ವೇಯ್ಟನ್ನೇ ನೀವು ಊಹಿಸಿದ್ದರಿಂದ, ಸಮಯ ಇದ್ದರೆ ಬೂಟ್‌ಸ್ಟ್ರಾಪ್ ಮಾಡಿ, ಅಂದರೆ ಇರುವ ಡೇಟಾದಿಂದಲೇ ಮತ್ತೆಮತ್ತೆ ಸ್ಯಾಂಪಲ್ ಎತ್ತಿ ಲೆಕ್ಕ ಮಾಡಿ, ಪ್ರತಿ ಸುತ್ತಿನಲ್ಲೂ ವೇಯ್ಟನ್ನು ಹೊಸದಾಗಿ ಕಟ್ಟಿ.

ನೀವು ಎಂಆರ್‌ಐ ಚಿತ್ರಗಳನ್ನೋ ಕೈಗೆ ಕಟ್ಟುವ ಚಲನೆ ಅಳೆಯುವ ಯಂತ್ರದ ಡೇಟಾವನ್ನೋ ಬಳಸುತ್ತಿದ್ದರೆ ಇನ್ನೊಂದು ಮಾತು. ಆ ಯಂತ್ರವನ್ನು 2013ರಿಂದ 2015ರ ನಡುವೆ ಸುಮಾರು ಒಂದು ಲಕ್ಷ ಜನ ಕಟ್ಟಿಕೊಂಡರು. ಅವರು ಬಂದವರಲ್ಲೇ ಮತ್ತೆ ಬಂದವರು. ಬಾಗಿಲೊಳಗೆ ಇನ್ನೊಂದು ಬಾಗಿಲು. ಹೊರಬಾಗಿಲಿಗೆ ಒಂದು ವೇಯ್ಟ್, ಒಳಬಾಗಿಲಿಗೆ ಒಂದು, ಎರಡನ್ನೂ ಗುಣಿಸಬೇಕು. ಒಳಬಾಗಿಲಿನದ್ದು ಕಟ್ಟೋದು ಸುಲಭ, ಯಾಕೆಂದರೆ ಅಲ್ಲಿ ಬಾರದವರ ಮಾಹಿತಿಯೂ ನಿಮ್ಮ ಹತ್ತಿರವೇ ಇದೆ.

ನಿಮ್ಮ ಪ್ರಾಜೆಕ್ಟಿಗೆ ನಾನು ಹೇಳುವುದು ಇದು. ಸಿಗರೇಟಿನ ಪ್ರಮಾಣಕ್ಕೆ ವೇಯ್ಟ್ ಹಾಕಿದ ಅಂಕಿಯನ್ನೇ ಮುಖ್ಯ ಟೇಬಲ್‌ನಲ್ಲಿ ಕೊಡಿ, ಹಾಕದ್ದನ್ನು ಪಕ್ಕದಲ್ಲಿಡಿ. ವಯಸ್ಸು, ಲಿಂಗ, ಓದಿನ ಜೊತೆ ಬಡಾವಣೆಯ ಬಡತನ, ಕೆಲಸ ಇದೆಯೋ ಇಲ್ಲವೋ, ಮನೆ ಸ್ವಂತದ್ದೋ ಬಾಡಿಗೆಯದ್ದೋ ಇವನ್ನೂ ಸೇರಿಸಿ ಮತ್ತೆ ಕಟ್ಟಿ. ‘ನನ್ನ ಆರೋಗ್ಯ ಹೇಗಿದೆ’ ಅನ್ನುವ ಪ್ರಶ್ನೆಯನ್ನು ಮಾತ್ರ ಹೊರಗಿಡಿ. ಆಮೇಲೆ ನಿಮ್ಮ ವೇಯ್ಟ್ ಹಾಕಿ, ಆ ಪ್ರಶ್ನೆಗೆ ಬರುವ ಉತ್ತರ ಜನಗಣತಿಯ ಉತ್ತರಕ್ಕೆ ಎಷ್ಟು ಹತ್ತಿರ ಬಂತು ಅಂತ ನೋಡಿ. ಹತ್ತಿರ ಬಂದರೆ ಸಿಗರೇಟಿನ ಅಂಕಿಯ ಮೇಲೂ ಒಂದಿಷ್ಟು ಭರವಸೆ ಇಡಬಹುದು. ಬಾರದಿದ್ದರೆ ಎಷ್ಟು ದೂರ ಉಳಿಯಿತು ಅನ್ನೋದನ್ನು ರಿಪೋರ್ಟಿನಲ್ಲಿ ಅಂಕಿ ಸಮೇತ ಬರೆಯಿರಿ. ನಿಮ್ಮ ಗೈಡ್ ಅದನ್ನೇ ಮೊದಲು ಓದುತ್ತಾರೆ. ಆ ಟೇಬಲ್ ಆದ ಮೇಲೆ ನನಗೂ ಕಳಿಸಿ, ತೂಕಗಳ ಚಿತ್ರದ ಜೊತೆ.